ಸಂತಾನಕ್ಕೆ ವ್ಯಾಯಾಮ ಮಿತ್ರನೋ, ಶತ್ರುವೋ?

ಅಶ್ವತ್ಥಕಟ್ಟೆಗೆ ಪ್ರದಕ್ಷಿಣೆ ಬರುತ್ತ ಬರುತ್ತಲೇ ಹೊಟ್ಟೆ ಮುಟ್ಟಿ ನೋಡಿಕೊಂಡವಳ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆತುರಗಾರರನ್ನು ಹಾಸ್ಯಮಾಡಲು ಹುಟ್ಟಿದ ಈ ಗಾದೆಯಲ್ಲಿ ನಗೆಯ ಹಿಂದೆ ಒಂದು ನಿಟ್ಟುಸಿರು ಅಡಗಿದೆ. ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ಮಡಿಲು ತುಂಬದ ಹೆಣ್ಣುಮಗಳು ಮುಂಜಾವದ ಚಳಿಯಲ್ಲಿ ಒದ್ದೆಸೀರೆಯುಟ್ಟು, ನೂರೆಂಟು ಸುತ್ತುಗಳನ್ನು ಎಣಿಸುತ್ತ ನಡೆಯುತ್ತಿದ್ದಳು. ಆ ಆತುರ ಅವಳೊಬ್ಬಳದೇ ಆಗಿರಲಿಲ್ಲ; ಅತ್ತೆಯದೂ ಆಗಿತ್ತು, ನೆರೆಮನೆಯವರದೂ ಆಗಿತ್ತು, ಹಬ್ಬಕ್ಕೆ ಬಂದ ನೆಂಟರದೂ ಆಗಿತ್ತು.

ಕಾಲ ಬದಲಾಗಿದೆ. ಇಂದಿನ ತರುಣಿ ಬೆಂಗಳೂರಿನ ಲಾಲ್‌ಬಾಗಿನಲ್ಲೋ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೋ ಬೂಟು ತೊಟ್ಟು ನಡೆಯುತ್ತಾಳೆ, ಓಡುತ್ತಾಳೆ. ಸುತ್ತುಗಳನ್ನು ಎಣಿಸುವ ಕೆಲಸವನ್ನು ಮಣಿಕಟ್ಟಿನ ಯಂತ್ರ ವಹಿಸಿಕೊಂಡಿದೆ. ಆದರೆ ಆ ನಿಟ್ಟುಸಿರು ಮಾತ್ರ ಹಳೆಯದೇ. ಮಗುವನ್ನು ಬಯಸುವ ಇವಳಿಗೆ ಎರಡು ದಿಕ್ಕಿನಿಂದ ಎರಡು ಉಪದೇಶಗಳು ಬರುತ್ತವೆ. “ಓಡಬೇಡ, ಭಾರ ಎತ್ತಬೇಡ, ಬಸಿರು ನಿಲ್ಲುವುದಿಲ್ಲ” ಎಂದು ಮನೆಯ ಹಿರಿಯರು ಎಚ್ಚರಿಸುತ್ತಾರೆ. “ಮೈ ಕರಗಿಸು, ಎಲ್ಲವೂ ಸರಿಹೋಗುತ್ತದೆ” ಎಂದು ವ್ಯಾಯಾಮಶಾಲೆಯ ಶಿಕ್ಷಕ ಹುರಿದುಂಬಿಸುತ್ತಾನೆ. ಯಾರ ಮಾತನ್ನು ನಂಬಬೇಕು?

ಇಬ್ಬರ ಮಾತಿನಲ್ಲೂ ಸತ್ಯದ ಒಂದೊಂದು ತುಣುಕಿದೆ. ಇಬ್ಬರೂ ಮರೆತ ಸಂಗತಿಯೂ ಒಂದಿದೆ. ಶರೀರ ಎಷ್ಟು ದುಡಿಯಿತು ಎಂದು ಕೇಳಿದರೆ ಸಾಲದು. ದುಡಿದ ಮೇಲೆ ಅದರ ಕೈಯಲ್ಲಿ ಎಷ್ಟು ಉಳಿಯಿತು ಎಂದೂ ಕೇಳಬೇಕು.

ಇಪ್ಪತ್ತೆಂಟು ಯುವತಿಯರು

ಈ ಪ್ರಶ್ನೆಗೆ ಉತ್ತರ ಹುಡುಕಿದ ಪ್ರಯೋಗಗಳಲ್ಲಿ ಸ್ಮರಣೀಯವಾದ ಒಂದು ಅಮೆರಿಕದ ಬಾಸ್ಟನ್ ನಗರದ ಸಂಶೋಧಕರದು. ಬುಲ್ಲೆನ್ ಮತ್ತು ಸಂಗಡಿಗರು ನಡೆಸಿದ ಈ ಪ್ರಯೋಗದ ವರದಿ ೧೯೮೫ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದುವರೆಗೆ ಕಠಿಣ ವ್ಯಾಯಾಮದ ಅಭ್ಯಾಸವಿಲ್ಲದ ೨೮ ಮಂದಿ ಕಾಲೇಜು ವಿದ್ಯಾರ್ಥಿನಿಯರನ್ನು ಅವರು ಆರಿಸಿಕೊಂಡರು. ಎಲ್ಲರ ಋತುಚಕ್ರವೂ ಕ್ರಮಬದ್ಧವಾಗಿದೆ, ಅಂಡೋತ್ಪತ್ತಿ ಸರಿಯಾಗಿ ನಡೆಯುತ್ತಿದೆ ಎಂಬುದನ್ನು ಮೊದಲೇ ಪರೀಕ್ಷಿಸಿ ಖಚಿತಪಡಿಸಿಕೊಂಡರು. ಆಮೇಲೆ ಓಟ ಆರಂಭವಾಯಿತು. ಮೊದಲಿಗೆ ದಿನಕ್ಕೆ ೪ ಮೈಲಿ. ಏರುತ್ತ ಏರುತ್ತ ಐದನೆಯ ವಾರಕ್ಕೆ ದಿನಕ್ಕೆ ೧೦ ಮೈಲಿ. ಒಂದು ತಂಡದವರಿಗೆ ತೂಕ ಇಳಿಯದಷ್ಟು ಊಟ ಕೊಟ್ಟರು. ಇನ್ನೊಂದು ತಂಡದವರ ತೂಕವನ್ನು ನಿಧಾನವಾಗಿ ಇಳಿಯಗೊಟ್ಟರು.

ಎರಡು ಋತುಚಕ್ರಗಳ ಅವಧಿ ಮುಗಿದಾಗ, ವ್ಯಾಯಾಮದ ಕಾಲದಲ್ಲಿ ಪೂರ್ಣ ಸಹಜವಾದ ಋತುಚಕ್ರವನ್ನು ಕಂಡವರು ೨೮ರಲ್ಲಿ ಕೇವಲ ನಾಲ್ವರು. ಉಳಿದವರಲ್ಲಿ ಕೆಲವರ ಮುಟ್ಟು ತಡವಾಗಿತ್ತು. ಕೆಲವರಲ್ಲಿ ಅಂಡೋತ್ಪತ್ತಿಯೇ ತಪ್ಪಿತ್ತು. ತೂಕ ಇಳಿದ ತಂಡದವರಲ್ಲಿ ಏರುಪೇರು ಇನ್ನೂ ಹೆಚ್ಚಾಗಿತ್ತು.

ಇಷ್ಟನ್ನೇ ಓದಿ ಪುಸ್ತಕ ಮಡಚುವವರು ಹಿರಿಯರ ಮಾತೇ ಗೆದ್ದಿತು ಎಂದಾರು. ಆದರೆ ವರದಿಯ ಕೊನೆಯ ಸಂಗತಿ ಎಲ್ಲಕ್ಕಿಂತ ಮುಖ್ಯವಾದುದು: ಪ್ರಯೋಗ ಮುಗಿದ ಆರು ತಿಂಗಳೊಳಗೆ ಎಲ್ಲರ ಋತುಚಕ್ರವೂ ಮೊದಲಿನ ಸ್ಥಿತಿಗೆ ಮರಳಿತ್ತು. ಶರೀರ ಕೆಟ್ಟಿರಲಿಲ್ಲ, ಕೆಲಕಾಲ ಬಾಗಿಲು ಮುಂದೂಡಿಕೊಂಡಿತ್ತು, ಅಷ್ಟೆ.

ಮಿದುಳಿನ ಜಮಾಖರ್ಚು

ಬಾಗಿಲು ಮುಂದೂಡುವವರು ಯಾರು? ಗರ್ಭಕೋಶವೂ ಅಲ್ಲ, ಅಂಡಾಶಯವೂ ಅಲ್ಲ. ಆಜ್ಞೆ ಹೊರಡುವುದು ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಪುಟ್ಟ ಭಾಗದಿಂದ. ಹಸಿವು, ನಿದ್ರೆ, ಮೈಬಿಸಿಗಳನ್ನು ಆಳುವ ಈ ಕೇಂದ್ರವೇ ಸಂತಾನಶಕ್ತಿಯ ಕೀಲಿಕೈಯನ್ನೂ ಇಟ್ಟುಕೊಂಡಿದೆ. ಋತುಚಕ್ರದ ಮೊದಲ ಭಾಗದಲ್ಲಿ ಸುಮಾರು ಗಂಟೆ, ಒಂದೂವರೆ ಗಂಟೆಗೊಮ್ಮೆ ಇದು ಒಂದು ಸಂಕೇತವನ್ನು ಮಿಡಿಯುತ್ತದೆ. ಆ ಮಿಡಿತವನ್ನು ಕೇಳಿ ಪಿಟ್ಯುಟರಿ ಗ್ರಂಥಿ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ; ಅವು ಅಂಡಾಶಯವನ್ನು ತಲುಪಿ ಅಂಡವನ್ನು ಬಲಿಸುತ್ತವೆ. ಮಿಡಿತ ವಿರಳವಾದರೆ ಅಂಡ ಬಲಿಯುವುದಿಲ್ಲ.

ಮಿಡಿತ ಏಕೆ ವಿರಳವಾಗುತ್ತದೆ? ೧೯೭೪ರಲ್ಲಿ ರೋಸ್ ಫ್ರಿಶ್ ಮತ್ತು ಜಾನೆಟ್ ಮೆಕಾರ್ಥರ್ ಎಂಬ ವಿದುಷಿಯರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ವಾದವನ್ನು ಮುಂದಿಟ್ಟರು. ಹುಡುಗಿ ಮೈನೆರೆಯಲು ದೇಹತೂಕದ ಸುಮಾರು ಶೇಕಡ ೧೭ರಷ್ಟು ಕೊಬ್ಬು ಬೇಕು. ಋತುಚಕ್ರ ಕ್ರಮವಾಗಿ ಮುಂದುವರಿಯಲು ಸುಮಾರು ಶೇಕಡ ೨೨ ಬೇಕು ಎಂಬುದು ಅವರ ಲೆಕ್ಕ. ಒಂಬತ್ತು ತಿಂಗಳ ಬಸಿರು, ಅನಂತರದ ಬಾಣಂತನ ಇವುಗಳಿಗೆ ಬೇಕಾದ ದವಸ ಕಣಜದಲ್ಲಿದೆಯೇ ಎಂದು ನೋಡಿಯೇ ಪ್ರಕೃತಿ ಕಾರ್ಯಾರಂಭ ಮಾಡುತ್ತದೆ ಎಂಬ ಈ ತರ್ಕ ಆಕರ್ಷಕವಾಗಿತ್ತು.

ಆದರೆ ಕಣಜದ ಲೆಕ್ಕವೊಂದೇ ಸಾಲದೆಂದು ಮುಂದೆ ತಿಳಿಯಿತು. ಆನ್ ಲೌಕ್ಸ್ ಎಂಬ ಅಮೆರಿಕದ ವಿಜ್ಞಾನಿ ೧೯೯೮ರಲ್ಲಿಯೂ ೨೦೦೩ರಲ್ಲಿಯೂ ಪ್ರಕಟಿಸಿದ ಪ್ರಯೋಗಗಳು ದಿನನಿತ್ಯದ ಜಮಾಖರ್ಚಿನ ಕಡೆಗೆ ಬೆರಳು ತೋರಿದವು. ಊಟದಿಂದ ಬಂದ ಶಕ್ತಿಯಲ್ಲಿ ವ್ಯಾಯಾಮದ ಖರ್ಚನ್ನು ಕಳೆದು ಉಳಿಯುವುದೇ ಉಸಿರಾಟ, ಜೀರ್ಣಕ್ರಿಯೆ, ಸಂತಾನೋತ್ಪತ್ತಿಗಳಿಗೆ ಸಿಗುವ ಬಂಡವಾಳ. ಕೊಬ್ಬನ್ನು ಬಿಟ್ಟು ಉಳಿದ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಈ ಉಳಿಕೆ ದಿನಕ್ಕೆ ೩೦ ಕಿಲೋಕ್ಯಾಲರಿಗಿಂತ ಕೆಳಗಿಳಿದಾಗ, ಐದೇ ದಿನಗಳಲ್ಲಿ ಹಾರ್ಮೋನಿನ ಮಿಡಿತ ತಪ್ಪತೊಡಗಿತು. ಖರ್ಚಾದ ಶಕ್ತಿಯನ್ನು ಊಟದಿಂದ ತುಂಬಿಕೊಟ್ಟಾಗ, ಅಷ್ಟೇ ವ್ಯಾಯಾಮ ಮಾಡಿದರೂ ಆ ಏರುಪೇರು ಕಾಣಲಿಲ್ಲ.

ಒಂದು ಉದಾಹರಣೆ ನೋಡಬಹುದು. ೫೦ ಕಿಲೋ ತೂಗುವ ಮಹಿಳೆಯೊಬ್ಬಳ ಕೊಬ್ಬನ್ನು ಕಳೆದ ತೂಕ ೩೮ ಕಿಲೋ ಎಂದುಕೊಳ್ಳೋಣ. ಅವಳಿಗೆ ವ್ಯಾಯಾಮದ ಖರ್ಚು ಕಳೆದು ಕನಿಷ್ಠ ೧,೧೪೦ ಕಿಲೋಕ್ಯಾಲರಿ ಉಳಿಯಬೇಕು. ತೆಳ್ಳಗಾಗುವ ಹಟದಲ್ಲಿ ಅವಳು ದಿನಕ್ಕೆ ೧,೫೦೦ ಕಿಲೋಕ್ಯಾಲರಿಯಷ್ಟೇ ಉಂಡು, ೧೦ ಕಿಲೋಮೀಟರು ಓಡಿ ಸುಮಾರು ೫೦೦ನ್ನು ಖರ್ಚುಮಾಡಿದರೆ ಉಳಿಯುವುದು ೧,೦೦೦ ಮಾತ್ರ. ಕನ್ನಡಿಯಲ್ಲಿ ಅವಳು ಆರೋಗ್ಯವಂತೆ. ಮಿದುಳಿನ ಖಾತೆಯಲ್ಲಿ ಬರಗಾಲ. ಈ ೩೦ರ ಗೆರೆ ಎಲ್ಲರಿಗೂ ಒಂದೇ ಜಾಗದಲ್ಲಿ ಬೀಳುವುದಿಲ್ಲ; ಕೆಲವರಿಗೆ ಮೇಲೆ, ಕೆಲವರಿಗೆ ಕೆಳಗೆ. ಆದರೆ ನಿಯಮ ಎಲ್ಲರಿಗೂ ಒಂದೇ.

ಬರಗಾಲವೆಂಬ ಮಾತು ಅಲಂಕಾರಕ್ಕೆ ಹೇಳಿದ್ದಲ್ಲ. ೧೯೪೪-೪೫ರ ಚಳಿಗಾಲದಲ್ಲಿ, ಮಹಾಯುದ್ಧದ ಕೊನೆಯ ದಿನಗಳಲ್ಲಿ, ಪಶ್ಚಿಮ ಹಾಲೆಂಡಿನ ನಗರಗಳಿಗೆ ಆಹಾರ ಸರಬರಾಜು ನಿಂತು ಭೀಕರ ಕ್ಷಾಮ ತಲೆದೋರಿತು. ಒಂಬತ್ತು ತಿಂಗಳ ತರುವಾಯ ಅಲ್ಲಿ ಜನನಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಅನ್ನ ಮರಳಿದ ಮೇಲೆ ತೊಟ್ಟಿಲುಗಳೂ ತೂಗಿದವು. ಹೊಲಗದ್ದೆಗಳಲ್ಲಿ ಬೆಳಗಿನಿಂದ ಬೈಗಿನವರೆಗೆ ದುಡಿದು, ಮನೆಮಂದಿಯೆಲ್ಲ ಉಂಡ ಮೇಲೆ ಉಳಿದುದನ್ನು ಉಣ್ಣುವ ಹೆಂಗಸಿಗೂ ಈ ಲೆಕ್ಕವೇ ಅನ್ವಯಿಸುತ್ತದೆ. ಅವಳಿಗೆ ಬೇಕಾದದ್ದು ಇನ್ನಷ್ಟು ನಡಿಗೆಯಲ್ಲ. ಹೊಟ್ಟೆತುಂಬ ಊಟ, ಕಣ್ತುಂಬ ನಿದ್ರೆ.

ಮೈಭಾರದ ಇನ್ನೊಂದು ಮುಖ

ಹಾಗೆಂದು ವ್ಯಾಯಾಮಶಾಲೆಯ ಶಿಕ್ಷಕನನ್ನು ಸಂಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಬರಗಾಲದಂತೆ ಅತಿವೃಷ್ಟಿಯೂ ಬೆಳೆಗೆ ಕೇಡು. ಮೈಯಲ್ಲಿ ಕೊಬ್ಬು ಮಿತಿಮೀರಿದಾಗ ಇನ್ಸುಲಿನ್ ಹಾರ್ಮೋನಿನ ಮಾತನ್ನು ಜೀವಕೋಶಗಳು ಕೇಳದಾಗುತ್ತವೆ. ಕೇಳಿಸಲೆಂದು ಶರೀರ ಇನ್ನಷ್ಟು ಇನ್ಸುಲಿನನ್ನು ಸುರಿಸುತ್ತದೆ. ಆ ಅತಿರೇಕ ಅಂಡಾಶಯವನ್ನು ಕೆರಳಿಸಿ, ಅಲ್ಲಿ ಪುರುಷ ಹಾರ್ಮೋನುಗಳು ಹೆಚ್ಚಾಗಿ, ಅಂಡ ಬಲಿಯುವ ಮೊದಲೇ ನಿಂತುಬಿಡುತ್ತದೆ. ೧೯೩೫ರಲ್ಲಿ ಷಿಕಾಗೋ ನಗರದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ವಿವರಿಸಿದ, ಇಂದು ‘ಪಿಸಿಓಎಸ್’ ಎಂಬ ಹೆಸರಿನಿಂದ ಮನೆಮಾತಾಗಿರುವ ತೊಂದರೆಯಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ.

ಇಂಥವರಿಗೆ ವ್ಯಾಯಾಮ ನಿಜವಾದ ಔಷಧ. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವು ಹೆಚ್ಚು ಬೇಡದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಸ್ಥೂಲಕಾಯದ ಮಹಿಳೆಯರಲ್ಲಿ ತೂಕದ ಶೇಕಡ ೫ರಿಂದ ೧೦ರಷ್ಟು ಇಳಿದರೂ, ಅಂದರೆ ೭೦ ಕಿಲೋ ತೂಗುವವಳು ಮೂರೂವರೆಯಿಂದ ಏಳು ಕಿಲೋ ಇಳಿದರೂ, ನಿಂತಿದ್ದ ಅಂಡೋತ್ಪತ್ತಿ ಎಷ್ಟೋ ಸಲ ಮರಳುತ್ತದೆ. ಸಿನಿಮಾ ತಾರೆಯ ನಡು ಯಾರಿಗೂ ಬೇಕಾಗಿಲ್ಲ.

ಈ ಎರಡು ಮುಖಗಳೂ ೨೦೧೨ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ ಒಟ್ಟಿಗೇ ಕಾಣುತ್ತವೆ. ಮಗುವನ್ನು ಪಡೆಯಲು ಯತ್ನಿಸುತ್ತಿದ್ದ ೩,೬೨೮ ಮಹಿಳೆಯರನ್ನು ಅದು ಅನುಸರಿಸಿತು. ವಾರಕ್ಕೆ ಐದು ಗಂಟೆ ಅಥವಾ ಹೆಚ್ಚು ಹೊತ್ತು ಕಠಿಣ ವ್ಯಾಯಾಮ ಮಾಡುವವರಲ್ಲಿ, ಅಂಥ ವ್ಯಾಯಾಮವನ್ನೇ ಮಾಡದವರಿಗಿಂತ, ಪ್ರತಿ ಋತುಚಕ್ರದಲ್ಲಿ ಬಸಿರಾಗುವ ಸಂಭವ ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಿತ್ತು. ಆದರೆ ಸ್ಥೂಲಕಾಯದವರಲ್ಲಿ ಈ ಇಳಿಕೆ ಕಾಣಲಿಲ್ಲ. ಚುರುಕಾದ ನಡಿಗೆಯಂಥ ಮಧ್ಯಮ ವ್ಯಾಯಾಮವಾದರೋ ತೆಳ್ಳನೆಯವರು, ದಪ್ಪನೆಯವರು ಎಂಬ ಭೇದವಿಲ್ಲದೆ ಗರ್ಭಧಾರಣೆಯ ಸಂಭವವನ್ನು ತುಸು ಹೆಚ್ಚಿಸಿದಂತೆಯೇ ಕಂಡಿತು.

ಗಂಡನ ಪಾಲು

ಇಷ್ಟು ಹೊತ್ತೂ ಮಾತು ಹೆಣ್ಣಿನ ಸುತ್ತಲೇ ತಿರುಗಿತು. ಅಶ್ವತ್ಥಕಟ್ಟೆಯನ್ನು ಸುತ್ತಿದವಳೂ ಅವಳೊಬ್ಬಳೇ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಕಾರಣದ ಒಂದು ಪಾಲಾದರೂ, ಕೆಲವೊಮ್ಮೆ ಪೂರ್ತಿಯಾಗಿ, ಗಂಡನಲ್ಲಿರುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಒಪ್ಪಿಕೊಂಡು ಬಹುಕಾಲವಾಯಿತು. ಮನೆಗಳು ಒಪ್ಪಿಕೊಳ್ಳುವುದು ಇನ್ನೂ ಬಾಕಿಯಿದೆ.

ವೀರ್ಯಾಣುಗಳು ಹುಟ್ಟುವ ವೃಷಣಗಳನ್ನು ಪ್ರಕೃತಿ ಮೈಯ ಹೊರಗೆ ಇರಿಸಿರುವುದು ಅಲ್ಲಿ ಮೈಬಿಸಿಗಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ತಂಪು ಬೇಕೆಂದು. ಗಂಟೆಗಟ್ಟಲೆ ಬಿಗಿಯುಡುಪು, ಬಿಸಿಯಾದ ಆಸನ, ಬಿಸಿನೀರಿನ ತೊಟ್ಟಿ ಇವೆಲ್ಲ ಆ ತಂಪನ್ನು ಕೆಡಿಸುತ್ತವೆ. ಸೈಕಲ್ ಸವಾರಿಯ ವಿಷಯದಲ್ಲಿ ಪಂಡಿತರಲ್ಲಿ ಏಕಾಭಿಪ್ರಾಯವಿಲ್ಲ. ೨೦೧೧ರ ಒಂದು ಅಮೆರಿಕನ್ ಅಧ್ಯಯನ ವಾರಕ್ಕೆ ಐದು ಗಂಟೆಗೂ ಮೇಲ್ಪಟ್ಟ ಸವಾರಿಗೂ ವೀರ್ಯಾಣುಗಳ ಕೊರತೆಗೂ ನಂಟಿದೆಯೆಂದಿತು; ೨೦೧೪ರಲ್ಲಿ ಬ್ರಿಟನ್ನಿನ ಐದು ಸಾವಿರಕ್ಕೂ ಹೆಚ್ಚು ಸವಾರರನ್ನು ವಿಚಾರಿಸಿದವರು ಸವಾರಿಗೂ ಬಂಜೆತನಕ್ಕೂ ನಂಟು ಕಾಣಲಿಲ್ಲವೆಂದರು. ಸೈಕಲ್ಲಿನಲ್ಲಿ ಕಚೇರಿಗೆ ಹೋಗಿಬರುವವನು ಹೆದರಬೇಕಾಗಿಲ್ಲ. ಪರೀಕ್ಷೆಯಲ್ಲಿ ಕೊರತೆ ಕಂಡಿದ್ದು, ದೂರದ ಪಂದ್ಯಗಳ ಹವ್ಯಾಸವೂ ಉಳ್ಳವನು ಕೆಲಕಾಲ ವಿರಾಮ ಕೊಡುವುದು ವಿವೇಕ.

ನಿಜವಾದ ಅಪಾಯ ಇರುವುದು ಬೇರೆಡೆ. ತೋಳು ಉಬ್ಬಿಸುವ ಆಸೆಗೆ ಬಿದ್ದು ತರುಣರು ಚುಚ್ಚಿಸಿಕೊಳ್ಳುವ ಟೆಸ್ಟೊಸ್ಟೆರೋನ್ ಮತ್ತು ಅದರ ಬಳಗದ ಸ್ಟೀರಾಯ್ಡುಗಳಲ್ಲಿ. ಪುರುಷತ್ವದ ಹಾರ್ಮೋನು ಹೊರಗಿನಿಂದ ಬಂದರೆ ಪುರುಷತ್ವ ಹೆಚ್ಚಬೇಕಲ್ಲವೇ ಎಂಬುದು ಅವರ ತರ್ಕ. ನಡೆಯುವುದು ವಿಪರೀತ. ರಕ್ತದಲ್ಲಿ ಹಾರ್ಮೋನು ತುಂಬಿರುವುದನ್ನು ಕಂಡ ಮಿದುಳು ವೃಷಣಗಳಿಗೆ ಕಳುಹಿಸುವ ಆಜ್ಞೆಯನ್ನೇ ನಿಲ್ಲಿಸುತ್ತದೆ. ವೀರ್ಯಾಣುಗಳ ಉತ್ಪಾದನೆ ಸ್ಥಗಿತವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಟೆಸ್ಟೊಸ್ಟೆರೋನ್ ಚುಚ್ಚುಮದ್ದನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿ, ೧೯೯೦ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ವಾರಕ್ಕೊಂದು ಚುಚ್ಚುಮದ್ದು ಪಡೆದ ೨೭೧ ಆರೋಗ್ಯವಂತ ಪುರುಷರಲ್ಲಿ ೧೫೭ ಮಂದಿಯ ವೀರ್ಯದಲ್ಲಿ ಒಂದು ವೀರ್ಯಾಣುವೂ ಉಳಿಯಲಿಲ್ಲ! ಮದ್ದು ಬಿಟ್ಟರೆ ಸಾಮಾನ್ಯವಾಗಿ ಶಕ್ತಿ ಮರಳುತ್ತದೆ. ಆದರೆ ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಮಿಕ್ಕಿ ಕಾಲ ಬೇಕಾಗುತ್ತದೆ. ಗಂಡನ ತೋಳಿನ ಅಂದಕ್ಕೆ ಹೆಂಡತಿ ನೆಂಟರಿಷ್ಟರ ಚುಚ್ಚುಮಾತು ಕೇಳುವ ಸ್ಥಿತಿ ಅದೆಷ್ಟು ಮನೆಗಳಲ್ಲಿದೆಯೋ!

ಹದ ಯಾವುದು?

ಹಾಗಾದರೆ ಸಂತಾನಾಪೇಕ್ಷಿಗಳು ಏನು ಮಾಡಬೇಕು? ವಾರದಲ್ಲಿ ಐದು ದಿನ ಅರ್ಧ ಗಂಟೆಯ ಬಿರುಸು ನಡಿಗೆ ಬಹುಮಂದಿಗೆ ಸಾಕು. ನಡೆಯುವಾಗ ಜೊತೆಯವರೊಡನೆ ಮಾತನಾಡಬಲ್ಲೆವು, ಹಾಡಲಾರೆವು ಎಂಬಷ್ಟು ಏದುಸಿರು ಬಂದರೆ ಅದೇ ಮಧ್ಯಮ ವ್ಯಾಯಾಮದ ಅಳತೆ. ಮೊದಲಿನಿಂದ ಓಡುವ ರೂಢಿಯಿದ್ದು, ಚೆನ್ನಾಗಿ ಉಂಡು, ಮುಟ್ಟು ಕ್ರಮವಾಗಿ ಬರುತ್ತಿರುವವಳು ಓಟವನ್ನು ಒಮ್ಮೆಲೇ ಬಿಡಬೇಕಿಲ್ಲ. ಆದರೆ ಮುಟ್ಟಿನ ನಡುವಿನ ಅಂತರ ಬೆಳೆದರೆ, ತಪ್ಪಿದರೆ, ನಿದ್ರೆ ಕೆಟ್ಟು ದಣಿವು ಆರದಿದ್ದರೆ, ಶರೀರ ತನ್ನ ಸಾಲದ ಚೀಟಿಯನ್ನು ಕಳುಹಿಸಿದೆಯೆಂದೇ ತಿಳಿಯಬೇಕು. ಆಗ ಓಟವನ್ನು ತಗ್ಗಿಸಿ ಊಟವನ್ನು ಹೆಚ್ಚಿಸುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು.

ವ್ಯಾಯಾಮ ಎಲ್ಲಕ್ಕೂ ಮದ್ದಲ್ಲ. ಮುಚ್ಚಿಕೊಂಡ ಗರ್ಭನಾಳವನ್ನು ನಡಿಗೆ ತೆರೆಯಲಾರದು. ಕಳೆದ ವಯಸ್ಸನ್ನು ಓಟ ಮರಳಿ ತರಲಾರದು. ಒಂದು ವರ್ಷ ಪ್ರಯತ್ನಿಸಿಯೂ ಫಲ ಕಾಣದ ದಂಪತಿಗಳು, ಹೆಂಡತಿಗೆ ೩೫ ದಾಟಿದ್ದರೆ ಆರೇ ತಿಂಗಳಲ್ಲಿ, ಮುಟ್ಟು ತೀರ ಏರುಪೇರಾಗಿದ್ದರೆ ತಡಮಾಡದೆ, ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣಬೇಕು.

ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ವಾಗ್ಭಟನು ‘ಅಷ್ಟಾಂಗಹೃದಯ’ದ ದಿನಚರ್ಯೆಯ ಅಧ್ಯಾಯದಲ್ಲಿ, ಬಲವುಳ್ಳವರು, ಜಿಡ್ಡಿನಿಂದ ಕೂಡಿದ ಪುಷ್ಟಿಕರ ಆಹಾರ ಉಣ್ಣುವವರು ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ವಿಧಿಸಿದ್ದಾನೆ. ಊಟವನ್ನೂ ದುಡಿಮೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಆ ವಿವೇಕವನ್ನು ಪ್ರಯೋಗಶಾಲೆ ಇಂದು ತನ್ನದೇ ಭಾಷೆಯಲ್ಲಿ ಹೇಳುತ್ತಿದೆ.

ಇನ್ನು ಹೊಟ್ಟೆ ಮುಟ್ಟಿ ನೋಡಿಕೊಂಡವಳ ಮಾತು. ಪುರುಷನ ಮೈಯಲ್ಲಿ ವೀರ್ಯಾಣುವೊಂದು ಬಲಿತು ಹೊರಬರಲು ಮೂರು ತಿಂಗಳಷ್ಟು ಕಾಲ ಹಿಡಿಯುತ್ತದೆ. ಬಾಸ್ಟನ್ನಿನ ಯುವತಿಯರೆಲ್ಲರ ಋತುಚಕ್ರ ಮರಳಿ ಹಳಿಗೆ ಬರಲು ಆರು ತಿಂಗಳು ಕಾಯಬೇಕಾಯಿತು. ಇಂದು ತಿದ್ದಿಕೊಂಡ ಅಭ್ಯಾಸದ ಫಲ ನಾಳೆಯೇ ಕಾಣುವುದಿಲ್ಲ. ಗಾದೆ ಹೇಳಿದ್ದು ಸುಳ್ಳಲ್ಲ, ಕಾಯಬೇಕು. ಆದರೆ ಅವಳೊಬ್ಬಳೇ ಕಾಯಬೇಕೆಂದು ಗಾದೆ ಎಲ್ಲಿಯೂ ಹೇಳಿಲ್ಲ. ಕಟ್ಟೆಯಾಗಲಿ ಕೆರೆಯ ಏರಿಯಾಗಲಿ, ನಾಳೆಯ ಬೆಳಗಿನ ಸುತ್ತಿಗೆ ಅವನೂ ಜೊತೆಗೆ ಹೊರಡಲಿ.