ಚಾರ್ಟರ್ ಜೆಟ್‌ನ ಪೈಲಟ್ ಕೆಲಸ: ಹಿಂದೆ ಕೂತವರಿಗೆ ‘ಆಗಲ್ಲ ಸರ್’ ಅನ್ನಬಹುದಾ?

ಹರಿಹರದ ಪರಿಚಯದ ಯುವಕನೊಬ್ಬನಿಗೆ ಖಾಸಗಿ ಜೆಟ್‌ಗಳನ್ನು ಬಾಡಿಗೆಗೆ ಓಡಿಸುವ ಕಂಪನಿಯೊಂದರಿಂದ ಕೋ-ಪೈಲಟ್ ಕೆಲಸದ ಆಫರ್ ಬಂದಿದೆ. ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಕೈಗೆ ಸಿಕ್ಕಿ ಒಂದೂವರೆ ವರ್ಷ ಆಯ್ತು. ದೊಡ್ಡ ಏರ್‌ಲೈನ್‌ಗಳಿಗೆ ಅರ್ಜಿ ಹಾಕಿದ್ದಾನೆ, ಕರೆ ಬಂದಿಲ್ಲ. ಮನೆ ಮೇಲೆ ಸಾಲ ಇದೆ. ಕಂಪನಿ ತಾನೇ ಖರ್ಚು ಹಾಕಿ ಮುಂದಿನ ತರಬೇತಿ ಕೊಡಿಸುತ್ತೆ, ಬದಲಿಗೆ ಮೂರು ವರ್ಷದ ಬಾಂಡ್. ‘ಹೋಗ್ಲಾ, ಬೇಡ್ವಾ?’ ಅಂತ ಕೇಳಿದ.

ನಾನು ಪೈಲಟ್ ಅಲ್ಲ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ ಆಮೇಲೆ ಸುದ್ದಿಮನೆ ಸೇರಿದವನು. ಆದರೂ ಈ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳುತ್ತಿದ್ದೇನೆ. ಯಾಕಂದ್ರೆ ಇದು ಸಂಬಳದ ಲೆಕ್ಕ ಮಾತ್ರ ಅಲ್ಲ. ಚಾರ್ಟರ್ ವಿಮಾನದ ಹಿಂದಿನ ಸೀಟಿನಲ್ಲಿ ಕೂರುವವರು ಯಾರು ಅಂತ ನೋಡಿದರೆ, ಇದು ನಾವು ದಿನವೂ ಜಗಳವಾಡುವ ರಾಜಕೀಯದ ಪ್ರಶ್ನೆಯೂ ಹೌದು.

ಮೊದಲು ಚಾರ್ಟರ್ ಅಂದ್ರೇನು ಅಂತ ನೋಡೋಣ. ಇಂಡಿಗೋ, ಏರ್ ಇಂಡಿಯಾದಂಥವು ವೇಳಾಪಟ್ಟಿ ಹಾಕಿ ಟಿಕೆಟ್ ಮಾರುತ್ತವೆ. ಚಾರ್ಟರ್ ಕಂಪನಿಗೆ ವೇಳಾಪಟ್ಟಿ ಇಲ್ಲ. ಇಡೀ ವಿಮಾನವನ್ನೇ ಟ್ಯಾಕ್ಸಿ ಥರ ಬಾಡಿಗೆಗೆ ಕೊಡುತ್ತೆ. ಇದಕ್ಕೆ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ನಾನ್ ಶೆಡ್ಯೂಲ್ಡ್ ಆಪರೇಟರ್ ಎಂಬ ಪ್ರತ್ಯೇಕ ಪರವಾನಗಿ ಕೊಡುತ್ತೆ. ಗಿರಾಕಿಗಳು ಉದ್ಯಮಿಗಳು, ಸಿನಿಮಾದವರು, ತುರ್ತು ಚಿಕಿತ್ಸೆಗೆ ಹೋಗುವ ರೋಗಿಗಳು. ಚುನಾವಣೆ ಬಂತೆಂದರೆ ರಾಜಕಾರಣಿಗಳು.

ದಾವಣಗೆರೆಯಲ್ಲಿ ಪ್ರಯಾಣಿಕ ವಿಮಾನ ಇಳಿಯುವ ನಿಲ್ದಾಣ ಇಲ್ಲ. ನಾವು ನೀವು ಹತ್ತಬೇಕಾದರೆ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋಗಬೇಕು. ಆದರೆ ಹರಿಹರದಿಂದ ತುಂಗಭದ್ರೆ ದಾಟಿದರೆ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಗೆ ತನ್ನದೇ ಖಾಸಗಿ ಏರ್‌ಸ್ಟ್ರಿಪ್ ಇದೆ. ದಾವಣಗೆರೆಯಲ್ಲಿ ದೊಡ್ಡ ಸಮಾವೇಶ ಆದಾಗೆಲ್ಲ ಹೆಲಿಪ್ಯಾಡ್ ತಯಾರಾಗುತ್ತೆ. ಜನರಿಗೆ ವಿಮಾನ ಇಲ್ಲದ ಊರಿಗೂ ದೊಡ್ಡವರ ವಿಮಾನ ಬರುತ್ತೆ ಅನ್ನೋದೇ ಈ ಉದ್ಯಮದ ಬುನಾದಿ. ಅದರ ಅಪಾಯ ಇರುವುದೂ ಅಲ್ಲೇ.

ಈಗ ಹುಡುಗನ ಜೇಬಿಗೆ ಬರೋಣ. ಸಿಪಿಎಲ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು, ವೈದ್ಯಕೀಯ ಪರೀಕ್ಷೆ ಪಾಸಾಗಬೇಕು, ಡಿಜಿಸಿಎ ಪರೀಕ್ಷೆ ಬರೆಯಬೇಕು, 200 ಗಂಟೆ ಹಾರಿರಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ವಿಮಾನ ತರಬೇತಿ ಶಾಲೆ ಇದೆ. ಕಲಬುರಗಿ, ಬೆಳಗಾವಿಯಲ್ಲಿ ಖಾಸಗಿ ಶಾಲೆಗಳಿವೆ. ಖಾಸಗಿಯಲ್ಲಿ ಕಲಿತರೆ ಒಟ್ಟು ಖರ್ಚು ಅರ್ಧ ಕೋಟಿ ದಾಟುವುದು ಮಾಮೂಲು. ಅಷ್ಟು ಕೊಟ್ಟರೂ ಜೆಟ್ ಓಡಿಸುವ ಹಾಗಿಲ್ಲ. ಪ್ರತಿ ಬಗೆಯ ಜೆಟ್‌ಗೂ ಟೈಪ್ ರೇಟಿಂಗ್ ಎಂಬ ಬೇರೆ ತರಬೇತಿ ಬೇಕು, ಅದಕ್ಕೆ ಮತ್ತೆ ಹಲವು ಲಕ್ಷ.

ಕಂಪನಿ ಈ ಖರ್ಚು ನೋಡಿಕೊಳ್ಳುತ್ತೆ ಅಂದಾಗ ಯಾರಿಗಾದರೂ ಆಸೆ ಆಗುತ್ತೆ. ಆದರೆ ಏರ್‌ಬಸ್ 320ರ ರೇಟಿಂಗ್ ಇದ್ದರೆ ದೇಶದ ಹಲವು ಏರ್‌ಲೈನ್‌ಗಳ ಬಾಗಿಲು ತಟ್ಟಬಹುದು. ಲಿಯರ್‌ಜೆಟ್‌ದೋ ಹಾಕರ್‌ದೋ ರೇಟಿಂಗ್ ಇದ್ದರೆ ಆ ವಿಮಾನ ಇಟ್ಟುಕೊಂಡ ಬೆರಳೆಣಿಕೆಯ ಕಂಪನಿಗಳು ಮಾತ್ರ. ಬಾಂಡ್ ಮುರಿಯುವುದು ಆಮೇಲಿನ ಮಾತು, ಮುರಿದು ಹೋಗುವುದಾದರೂ ಎಲ್ಲಿಗೆ?

ಗಂಟೆಗಳ ಲೆಕ್ಕವೂ ಇದೆ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ 1500 ಗಂಟೆ ಹಾರಾಟ ಬೇಕು. ಏರ್‌ಲೈನ್‌ನಲ್ಲಿ ವರ್ಷಕ್ಕೆ 700 ಗಂಟೆ ಸಿಕ್ಕರೆ, ಕೈಯಲ್ಲಿರುವ 200 ಸೇರಿಸಿ ಎರಡು ವರ್ಷದೊಳಗೆ ಆ ಸಂಖ್ಯೆ ಮುಟ್ಟಬಹುದು. ಚಾರ್ಟರ್‌ನಲ್ಲಿ 300 ಸಿಕ್ಕರೆ ನಾಲ್ಕು ವರ್ಷ ದಾಟುತ್ತೆ. ಇದು ಒರಟು ಲೆಕ್ಕ, ಬೇರೆ ಷರತ್ತುಗಳೂ ಇವೆ. ಆದರೆ ಮೂರು ವರ್ಷದ ಬಾಂಡ್ ಮುಗಿದಾಗಲೂ ಹುಡುಗ ಕೋ-ಪೈಲಟ್ ಆಗಿಯೇ ಇರುವ ಸಾಧ್ಯತೆ ಹೆಚ್ಚು ಅನ್ನೋದಕ್ಕೆ ಇಷ್ಟು ಸಾಕು.

ಹಾಗಂತ ಚಾರ್ಟರ್ ಕೀಳು ಕೆಲಸ ಅಂತ ಅಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡುವ ಮೊದಲು, 1997ರಿಂದಲೇ ಬೆಂಗಳೂರಿನಲ್ಲಿ ಬಾಡಿಗೆ ಹೆಲಿಕಾಪ್ಟರ್ ಓಡಿಸುತ್ತಿದ್ದರು. ದಿನಾ ಬೆಂಗಳೂರು–ದೆಹಲಿ ಓಡಿಸುವವರಿಗೆ ಸಿಗದ ಅನುಭವ ಇಲ್ಲಿ ಸಿಗುತ್ತೆ: ಹೊಸ ಹೊಸ ನಿಲ್ದಾಣ, ಚಿಕ್ಕ ರನ್‌ವೇ, ಎಲ್ಲವನ್ನೂ ತಾವೇ ಯೋಜಿಸಬೇಕಾದ ಪ್ರಯಾಣ. ಜೊತೆಗೆ ರಾತ್ರಿ ಹತ್ತಕ್ಕೆ ‘ಬೆಳಗ್ಗೆ ಐದಕ್ಕೆ ಬನ್ನಿ’ ಅನ್ನೋ ಫೋನು, ಗಿರಾಕಿಯ ಬ್ಯಾಗು ಎತ್ತಿಡುವುದು, ಅವರ ಇಡ್ಲಿ ಬಿಸಿ ಇದೆಯಾ ಅಂತ ನೋಡುವುದು ಕೂಡ. ಸಣ್ಣ ಜೆಟ್‌ಗಳಲ್ಲಿ ಇದೆಲ್ಲ ಸಾಮಾನ್ಯವಾಗಿ ಕೋ-ಪೈಲಟ್ ಪಾಲಿಗೇ ಬರುತ್ತೆ. ಅದರಲ್ಲಿ ಅವಮಾನ ಏನಿಲ್ಲ ಬಿಡಿ.

ಏರ್‌ಲೈನ್ ಅಂದ್ರೆ ಭದ್ರ ನೌಕರಿ ಅಂತಲೂ ಅಲ್ಲ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಒಂದೇ ಕಂಪನಿಯನ್ನು ನಂಬಿ ಕೂತರೆ ಏನಾಗುತ್ತೆ ಅಂತ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿದ್ದನ್ನು ಕಂಡ ಹರಿಹರದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದರೆ ನಿಜವಾದ ವ್ಯತ್ಯಾಸ ಎಲ್ಲಿದೆ? ನನ್ನ ಪ್ರಕಾರ ಒಂದೇ ಕಡೆ. ಹವಾಮಾನ ಕೆಟ್ಟಾಗ, ಕತ್ತಲಾಗುತ್ತಿರುವಾಗ, ಸುಸ್ತಾದಾಗ ‘ಇಲ್ಲ, ಹಾರಲ್ಲ’ ಅಂತ ಹೇಳುವುದಕ್ಕೆ ಎಷ್ಟು ಖರ್ಚಾಗುತ್ತೆ ಅನ್ನೋದರಲ್ಲಿ.

ಏರ್‌ಲೈನ್ ಪೈಲಟ್ ‘ಇಲ್ಲ’ ಅಂದರೆ 180 ಪ್ರಯಾಣಿಕರು ಗೊಣಗುತ್ತಾರೆ. ಆದರೆ ಅವರಲ್ಲಿ ಯಾರೂ ಕಾಕ್‌ಪಿಟ್‌ಗೆ ಬಂದು ‘ನಾನ್ಯಾರು ಗೊತ್ತಾ’ ಅನ್ನಲ್ಲ. ನಡುವೆ ಕಂಟ್ರೋಲ್ ರೂಮ್ ಇದೆ, ರೋಸ್ಟರ್ ಇದೆ, ಪೈಲಟ್ ಸಂಘಟನೆಗಳಿವೆ. ಚಾರ್ಟರ್‌ನಲ್ಲಿ ಕಂಪನಿಯ ಆ ತಿಂಗಳ ಆದಾಯವೇ ಪೈಲಟ್‌ನ ಬೆನ್ನ ಹಿಂದೆ ನಾಲ್ಕು ಅಡಿ ದೂರದಲ್ಲಿ ಕೂತಿರುತ್ತೆ. ಅವರಿಗೆ ಹನ್ನೊಂದಕ್ಕೆ ಒಂದು ಸಭೆ, ಒಂದಕ್ಕೆ ಇನ್ನೊಂದು.

2026ರ ಜನವರಿ 28ರಂದು ಮಹಾರಾಷ್ಟ್ರದ ಉಪಮುಖ್ಯಮಂತ್ರಿ ಅಜಿತ್ ಪವಾರ್ ಮುಂಬೈನಿಂದ ಬಾರಾಮತಿಗೆ ಹೊರಟಿದ್ದು ಇಂಥದ್ದೇ ದಿನ. ಜಿಲ್ಲಾ ಪರಿಷತ್ ಚುನಾವಣೆಯ ಪ್ರಚಾರ ಸಭೆಗಳಿದ್ದವು. ಚಾರ್ಟರ್ ಕಂಪನಿಯ ಲಿಯರ್‌ಜೆಟ್ 45. ಬಾರಾಮತಿಯಲ್ಲಿ ದೊಡ್ಡ ನಿಲ್ದಾಣಗಳ ಹಾಗೆ ಉಪಕರಣ ನೋಡಿಕೊಂಡು ಇಳಿಯುವ ವ್ಯವಸ್ಥೆ ಇಲ್ಲ, ರನ್‌ವೇ ಕಣ್ಣಿಗೆ ಕಾಣಬೇಕು. ಕಣ್ಣಳತೆಯ ಹಾರಾಟಕ್ಕೆ ನಿಯಮ ಕೇಳುವುದು 5 ಕಿಲೋಮೀಟರ್ ಗೋಚರತೆ. ಆ ಬೆಳಗ್ಗೆ ಇದ್ದದ್ದು ಸುಮಾರು 3 ಕಿಲೋಮೀಟರ್ ಅಂತ ಸರ್ಕಾರದ ಹೇಳಿಕೆಯೇ ಹೇಳುತ್ತೆ. ಮೊದಲ ಪ್ರಯತ್ನದಲ್ಲಿ ರನ್‌ವೇ ಕಾಣದೆ ವಿಮಾನ ಮೇಲೇರಿತು. ಎರಡನೇ ಪ್ರಯತ್ನದಲ್ಲಿ ನೆಲಕ್ಕಪ್ಪಳಿಸಿತು. ಐವರೂ ಸತ್ತರು. ಕ್ಯಾಪ್ಟನ್ ಬಹಳ ಅನುಭವಿ, ಕೋ-ಪೈಲಟ್ ಇಪ್ಪತ್ತರ ಹರೆಯದ ಯುವತಿ.

ಯಾರಾದರೂ ಒತ್ತಡ ಹಾಕಿದ್ದರು ಅಂತ ನಾನು ಹೇಳುತ್ತಿಲ್ಲ. ಕಾಕ್‌ಪಿಟ್‌ನಲ್ಲಿ ಒತ್ತಡ ಅನ್ನೋದು ಬೈಗುಳದ ರೂಪದಲ್ಲೇ ಬರಬೇಕಿಲ್ಲ. ಕೆಳಗೆ ಜನ ಕಾದಿದ್ದಾರೆ ಅನ್ನೋ ಅರಿವೇ ಸಾಕು. ಅದೇ ಕಂಪನಿಯ ಇನ್ನೊಂದು ಲಿಯರ್‌ಜೆಟ್ 2023ರ ಸೆಪ್ಟೆಂಬರ್ 14ರಂದು ಮುಂಬೈನಲ್ಲಿ ಜೋರು ಮಳೆಯಲ್ಲಿ ಇಳಿಯುವಾಗ ರನ್‌ವೇಯಿಂದ ಜಾರಿ ಮುರಿದಿತ್ತು. ಆಗ ಗೋಚರತೆ 700 ಮೀಟರ್ ಇತ್ತು ಅಂತ ಡಿಜಿಸಿಎ ಹೇಳಿತ್ತು. ಪುಣ್ಯಕ್ಕೆ ಎಂಟೂ ಜನ ಬದುಕಿದರು.

ಕನ್ನಡಿಗರ ನೆನಪಿನಲ್ಲಿ ಇದಕ್ಕಿಂತ ಹಳೆಯ ಗಾಯ ಇದೆ. 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಬಿಜೆಪಿ ಪರ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟಿದ್ದ ಒಂದೇ ಎಂಜಿನ್ನಿನ ಪುಟ್ಟ ಸೆಸ್ನಾ, ಜಕ್ಕೂರಿನಿಂದ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿತ್ತು. ನಾಲ್ವರು ಸುಟ್ಟುಹೋದರು, ಅವರಲ್ಲಿ ಒಬ್ಬರು ಪೈಲಟ್. ಸೌಂದರ್ಯ ಹೆಸರು ಎಲ್ಲರಿಗೂ ನೆನಪಿದೆ. ಪೈಲಟ್ ಹೆಸರು ಕೇಳಿ ನೋಡಿ, ಹತ್ತರಲ್ಲಿ ಒಬ್ಬರೂ ಹೇಳಲಿಕ್ಕಿಲ್ಲ.

‘ಇಲ್ಲ’ ಅಂದ ಪೈಲಟ್‌ಗಳೂ ಇದ್ದಾರೆ, ನಮ್ಮಲ್ಲೇ. 2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಯಡಿಯೂರಪ್ಪ ಅವರ ಹೆಲಿಕಾಪ್ಟರ್ ಇಳಿಯುವಾಗ ಪ್ಲಾಸ್ಟಿಕ್ ಹಾಳೆಗಳು ಗಾಳಿಗೆ ಎದ್ದು ಹಾರಾಡಿದವು. ಪೈಲಟ್ ಇಳಿಯಲಿಲ್ಲ. ಮತ್ತೆ ಮೇಲೇರಿ, ಮೈದಾನ ಸ್ವಚ್ಛ ಆಗುವ ತನಕ ಸುತ್ತು ಹಾಕಿ, ಆಮೇಲೆ ಇಳಿಸಿದರು. ಅದೇ ವರ್ಷ ಮೇ 2ರಂದು ಮುಳಬಾಗಿಲಿಗೆ ಹೊರಟಿದ್ದ ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರ್‌ಗೆ ಹೊಸಕೋಟೆ ಬಳಿ ಹದ್ದು ಬಡಿದು ಮುಂದಿನ ಗಾಜು ಒಡೆಯಿತು. ಪೈಲಟ್ ಎಚ್‌ಎಎಲ್ ನಿಲ್ದಾಣಕ್ಕೆ ವಾಪಸ್ ತಂದು ಇಳಿಸಿದರು. ಎರಡೂ ಒಂದು ದಿನದ ಸುದ್ದಿಯಾಗಿ ಮುಗಿದುಹೋದವು. ಹೆಲಿಕಾಪ್ಟರ್‌ನ ಲೈಸೆನ್ಸ್ ಬೇರೆ, ಜೆಟ್‌ನದ್ದು ಬೇರೆ. ಆದರೆ ಹಿಂದೆ ಕೂರುವವರು ಅವರೇ.

ಪೈಲಟ್‌ಗಳ ವಿಶ್ರಾಂತಿಯ ವಿಚಾರದಲ್ಲಿ ಏರ್‌ಲೈನ್ ಲೋಕವೂ ಸಾಚಾ ಏನಲ್ಲ. ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ ನಿಯಮ 2025ರ ಜುಲೈನಲ್ಲಿ ಜಾರಿಯಾಯಿತು, ರಾತ್ರಿ ಹಾರಾಟದ ಮಿತಿಗಳು ನವೆಂಬರ್‌ನಲ್ಲಿ. ಡಿಸೆಂಬರ್ ಮೊದಲ ವಾರ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದವು, ಡಿಜಿಸಿಎ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ಆದರೂ ಅಲ್ಲಿ ಒಂದು ಜಗಳ ನಡೆಯಿತು. ಪೈಲಟ್ ಸಂಘಟನೆಗಳು ಕೋರ್ಟಿಗೆ ಹೋದವು, ಪ್ರಯಾಣಿಕರು ಬೀದಿಯಲ್ಲಿ ಮಾತಾಡಿದರು, ಸಂಸತ್ತಿನಲ್ಲಿ ಪ್ರಶ್ನೆ ಬಂತು. ನಾಲ್ಕೈದು ವಿಮಾನದ ಕಂಪನಿಯಲ್ಲಿ ದಣಿದ ಕೋ-ಪೈಲಟ್ ಪರವಾಗಿ ಯಾರು ಮಾತಾಡ್ತಾರೆ?

ಇಲ್ಲಿ ಕಾನೂನಿನ ಒಂದು ಮೂಲೆಯನ್ನೂ ನೋಡಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, ಮಾನ್ಯತೆ ಪಡೆದ ಪಕ್ಷವೊಂದರ 40 ಮಂದಿ ತಾರಾ ಪ್ರಚಾರಕರ ಪ್ರಯಾಣದ ಖರ್ಚು ಅಭ್ಯರ್ಥಿಯ ಖರ್ಚಿನ ಲೆಕ್ಕಕ್ಕೆ ಸೇರುವುದಿಲ್ಲ. ಹೀಗಾಗಿ ಅಭ್ಯರ್ಥಿ ಪೋಸ್ಟರ್, ಊಟದ ಲೆಕ್ಕ ಬರೆದು ಸುಸ್ತಾಗುವಾಗ, ನಾಯಕರ ಆಕಾಶಯಾನಕ್ಕೆ ಮಿತಿಯೇ ಇಲ್ಲ. ದಿನಕ್ಕೆ ನಾಲ್ಕು ಊರು, ಐದು ಊರು. ಸಭೆ ತಡವಾಗುವುದು ನಮ್ಮಲ್ಲಿ ನಿಯಮವೇ. ಆದರೆ ಸೂರ್ಯ ತಡ ಮಾಡಲ್ಲ. ಕಣ್ಣಳತೆಯ ಹಾರಾಟ ಸೂರ್ಯಾಸ್ತದ 20 ನಿಮಿಷದ ನಂತರ ಮಾಡುವಂತಿಲ್ಲ. ಭಾಷಣ ಉದ್ದವಾದ ಹತ್ತು ನಿಮಿಷವನ್ನು ಆಕಾಶದಲ್ಲಿ ಸರಿದೂಗಿಸುವ ಕೆಲಸ ಪೈಲಟ್ ತಲೆಗೆ ಬರುತ್ತೆ.

2023ರ ಡಿಸೆಂಬರ್‌ನಲ್ಲಿ ಬರ ಪರಿಹಾರ ಕೇಳಲು ದೆಹಲಿಗೆ ಹೋಗಿದ್ದ ಸಿದ್ದರಾಮಯ್ಯ ಅವರ ಜೊತೆ ಐಷಾರಾಮಿ ಜೆಟ್‌ನಲ್ಲಿ ಕೂತ ವಿಡಿಯೋವನ್ನು ಜಮೀರ್ ಅಹ್ಮದ್ ಹಾಕಿದಾಗ ನಾವೆಲ್ಲ ಸೀಟಿನ ಲೆದರ್ ನೋಡಿ ಜಗಳ ಆಡಿದೆವು. ಮೋದಿ ಯಾವುದರಲ್ಲಿ ಹೋಗ್ತಾರೆ ಅಂತ ಸಿದ್ದರಾಮಯ್ಯ ತಿರುಗಿ ಕೇಳಿದರು. ದುಂದುವೆಚ್ಚದ ಪ್ರಶ್ನೆ ಸರಿಯಾದದ್ದೇ. ಆದರೆ ಆ ವಿಮಾನವನ್ನು ಓಡಿಸಿದವರು ಹಿಂದಿನ ದಿನ ಎಷ್ಟು ಗಂಟೆ ನಿದ್ದೆ ಮಾಡಿದ್ದರು ಅಂತ ಎರಡೂ ಕಡೆಯವರು ಕೇಳಲಿಲ್ಲ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಸಂಬಳ ಹೇಗೆ ಕೊಡ್ತಾರೆ ಅಂತ ಮೊದಲು ಕೇಳು. ಪೂರ್ತಿ ನಿಗದಿತ ಸಂಬಳವಾದರೆ ಒಂದು ಮಾತು. ಹಾರಿದ ಗಂಟೆಗೆ ಇಷ್ಟು ಅಂತಾದರೆ, ಪ್ರತಿ ಸಲ ‘ಇಲ್ಲ’ ಅಂದಾಗ ನಿನ್ನ ಇಎಂಐ ದುಡ್ಡೇ ಕಡಿಮೆಯಾಗುತ್ತೆ, ಅಂಥ ಕಡೆ ಸಾಲ ಇರುವವನು ಹೋಗಬಾರದು. ಕಳೆದ ವರ್ಷ ಹವಾಮಾನದ ಕಾರಣಕ್ಕೆ ಎಷ್ಟು ಹಾರಾಟ ರದ್ದು ಮಾಡಿದ್ದೀರಿ ಅಂತ ಕೇಳು. ‘ಒಂದೂ ಇಲ್ಲ’ ಅಂತ ಹೆಮ್ಮೆಯಿಂದ ಹೇಳಿದರೆ ಎದ್ದು ಬಾ. ಅಲ್ಲಿನ ಸುರಕ್ಷತಾ ಮುಖ್ಯಸ್ಥರ ಜೊತೆ ಹತ್ತು ನಿಮಿಷ ಮಾತಾಡು, ಮಾಲೀಕರ ಜೊತೆ ಅಲ್ಲ. ಕೆಲಸ ಬಿಟ್ಟ ಇಬ್ಬರು ಪೈಲಟ್‌ಗಳನ್ನು ಹುಡುಕಿ ಕಾಫಿ ಕುಡಿಸು. ವಿಮಾನ ಅಪಘಾತ ತನಿಖಾ ಬ್ಯೂರೋದ ವೆಬ್‌ಸೈಟಿನಲ್ಲಿ ಹಳೆಯ ವರದಿಗಳಿವೆ, ಕಂಪನಿಯ ಹೆಸರು ಹಾಕಿ ಹುಡುಕು.

ಬಾಂಡ್‌ನ ವಿಚಾರಕ್ಕೆ, ಮೂಲ ಪ್ರಮಾಣಪತ್ರ ಕೊಡಬೇಡ, ಖಾಲಿ ಚೆಕ್ ಬೇಡವೇ ಬೇಡ. ಬಿಟ್ಟು ಹೋದರೆ ಕಟ್ಟಬೇಕಾದ ಮೊತ್ತ ತಿಂಗಳು ತಿಂಗಳು ಇಳಿಯಬೇಕು ಅಂತ ಬರೆಸಿಕೋ. ಸುರಕ್ಷತೆಯ ಕಾರಣಕ್ಕೆ ಹಾರಲು ಒಪ್ಪದೇ ಕೆಲಸ ಹೋದರೆ ಬಾಂಡ್ ಅನ್ವಯಿಸಲ್ಲ ಅನ್ನೋ ಒಂದು ಸಾಲು ಸೇರಿಸಲು ಕೇಳು. ಸೇರಿಸ್ತಾರೋ ಇಲ್ವೋ, ಕೇಳಿದಾಗ ಅವರ ಮುಖ ಹೇಗಾಗುತ್ತೆ ಅಂತಾದರೂ ಗೊತ್ತಾಗುತ್ತೆ.

ಇಷ್ಟಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಹೋಗಲಿ ಅನ್ನೋದೇ ನನ್ನ ಅಭಿಪ್ರಾಯ. ಲೈಸೆನ್ಸ್ ಇಟ್ಟುಕೊಂಡು ಮನೆಯಲ್ಲಿ ಕೂತರೆ ಕೈ ಮರೆಯುತ್ತೆ, ಸಾಲ ಬೆಳೆಯುತ್ತೆ. ಅವನು ಕಂಪನಿಗೆ ಮೇಲ್ ಬರೆದಿದ್ದಾನೆ, ಉತ್ತರ ಇನ್ನೂ ಬಂದಿಲ್ಲ. ಈ ತಿಂಗಳು ಸೇರಿದರೆ ಬಾಂಡ್ ಮುಗಿಯುವುದು 2029ಕ್ಕೆ. ಕರ್ನಾಟಕದ ವಿಧಾನಸಭೆ ಚುನಾವಣೆ ಇರುವುದು 2028ರಲ್ಲಿ.