ಲೋಟಸ್ ಸೆವೆನ್ ಮಾದರಿಯ ಕಿಟ್ ಕಾರುಗಳು

ಲೋಟಸ್ ಸೆವೆನ್ ಮಾದರಿಯ ಕಿಟ್ ಕಾರುಗಳು ಬ್ರಿಟನ್ನಿನ ಲೋಟಸ್ ಸಂಸ್ಥೆಯು 1957ರಲ್ಲಿ ಹೊರತಂದ ಸೆವೆನ್ ಎಂಬ ಕಾರಿನ ವಿನ್ಯಾಸವನ್ನು ಅನುಸರಿಸಿ ತಯಾರಾಗುವ ಹಗುರ ಕ್ರೀಡಾ ಕಾರುಗಳು. ಇವು ಬಿಡಿಭಾಗಗಳ ರೂಪದಲ್ಲಿ ಮಾರಾಟವಾಗುತ್ತವೆ. ಜೋಡಿಸುವ ಕೆಲಸ ಕೊಂಡವರದು. ಎರಡೇ ಆಸನ, ತೆರೆದ ಮೇಲ್ಭಾಗ, ಉದ್ದನೆಯ ಮೂತಿ, ಒಡಲಿನಿಂದ ಹೊರಗೆ ಚಾಚಿಕೊಂಡ ಮುಂದಿನ ಚಕ್ರಗಳು ಇವುಗಳ ಗುರುತು. ಕೇಟರ್‌ಹ್ಯಾಮ್, ವೆಸ್ಟ್‌ಫೀಲ್ಡ್, ಬರ್ಕಿನ್ ಮೊದಲಾದ ಹೆಸರುಗಳಲ್ಲಿ ದೊರೆಯುವ ಈ ಕಾರುಗಳು ದೂರದಿಂದ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಆದರೆ ಚೌಕಟ್ಟು, ಹಿಂದಿನ ಅಚ್ಚು, ಎಂಜಿನ್ ಮತ್ತು ಜೋಡಣೆಗೆ ಬೇಕಾಗುವ ಶ್ರಮ ಇವುಗಳಲ್ಲಿ ಅವು ಬಹಳ ಭಿನ್ನ. ಕೊಳ್ಳುವವರ ಆಯ್ಕೆ ನಿಜವಾಗಿ ನಿಲ್ಲುವುದು ಈ ಭೇದಗಳ ಮೇಲೆಯೇ.

ಹಿನ್ನೆಲೆ

ಲೋಟಸ್ ಸಂಸ್ಥಾಪಕ ಕಾಲಿನ್ ಚಾಪ್ಮನ್ ತೂಕ ಇಳಿಸುವುದನ್ನೇ ವಿನ್ಯಾಸದ ಮೂಲತತ್ತ್ವವಾಗಿ ಇಟ್ಟುಕೊಂಡವರು. ಸೆವೆನ್ ಕಾರಿನಲ್ಲಿ ಉಕ್ಕಿನ ತೆಳು ಕೊಳವೆಗಳನ್ನು ಬೆಸೆದ ಚೌಕಟ್ಟಿಗೆ ಅಲ್ಯೂಮಿನಿಯಂ ತಗಡುಗಳನ್ನು ಹೊದಿಸಲಾಗುತ್ತಿತ್ತು. ಆ ಕಾಲದ ಬ್ರಿಟನ್ನಿನಲ್ಲಿ ಸಿದ್ಧ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್‌ಗೆ ಇರಲಿಲ್ಲ. ಕಿಟ್ ಜೊತೆಗೆ ಜೋಡಣೆಯ ಸೂಚನೆಗಳನ್ನು ಕೊಡುವಂತಿರಲಿಲ್ಲವಾದ್ದರಿಂದ ಲೋಟಸ್ ಕಾರನ್ನು ಬಿಚ್ಚುವ ಸೂಚನೆಗಳನ್ನು ಕೊಟ್ಟು, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳುತ್ತಿದ್ದರು ಎಂಬ ಕಥೆ ಪ್ರಚಲಿತವಾಗಿದೆ. 1973ರಲ್ಲಿ ಖರೀದಿ ತೆರಿಗೆಯ ಸ್ಥಾನಕ್ಕೆ ಮೌಲ್ಯವರ್ಧಿತ ತೆರಿಗೆ ಬಂದಾಗ ಕಿಟ್‌ಗಳಿಗಿದ್ದ ಈ ಅನುಕೂಲ ಇಲ್ಲವಾಯಿತು. ಅದೇ ವರ್ಷ ಸೆವೆನ್ ತಯಾರಿಕೆಯ ಹಕ್ಕು ಮಾರಾಟಗಾರ ಗ್ರಹಾಂ ನರ್ನ್ ಅವರ ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ಫೈಬರ್‌ಗ್ಲಾಸ್ ಒಡಲಿನ ನಾಲ್ಕನೇ ಸರಣಿ ಜನರಿಗೆ ಹಿಡಿಸದ ಕಾರಣ ಆ ಸಂಸ್ಥೆ 1974ರಲ್ಲಿ ಹಳೆಯ ಮೂರನೇ ಸರಣಿಯ ರೂಪಕ್ಕೇ ಮರಳಿತು. ಇಂದಿನ ಕೇಟರ್‌ಹ್ಯಾಮ್ ಕಾರುಗಳು ಆ ರೂಪದಿಂದ ಬೆಳೆದುಬಂದವು.

ಪ್ರಮುಖ ತಯಾರಕರು

ಕೇಟರ್‌ಹ್ಯಾಮ್ ಕಿಟ್‌ನಲ್ಲಿ ಬೆಸೆದು ಸಿದ್ಧವಾದ ಚೌಕಟ್ಟು ಮತ್ತು ಅದಕ್ಕೆಂದೇ ಹೊಂದಿಸಿದ ಹೊಸ ಬಿಡಿಭಾಗಗಳು ಬರುತ್ತವೆ. ಕೊಂಡವರು ಬೆಸುಗೆ ಕಲಿಯಬೇಕಿಲ್ಲ. ಎತ್ತರದವರಿಗೂ ಮೈಕಟ್ಟು ದೊಡ್ಡದಿರುವವರಿಗೂ 110 ಮಿ.ಮೀ. ಹೆಚ್ಚು ಅಗಲದ ಎಸ್‌ವಿ ಚೌಕಟ್ಟು ಇದೆ. 2021ರಲ್ಲಿ ಬಂದ ಸೆವೆನ್ 170 ಮಾದರಿಯಲ್ಲಿ 660 ಸಿಸಿ ಸುಜುಕಿ ಟರ್ಬೊ ಎಂಜಿನ್ ಇದ್ದು, ಕಾರಿನ ತೂಕ 440 ಕಿ.ಗ್ರಾಂ. ಎಂಜಿನ್ನಿನ ಶಕ್ತಿ 84 ಅಶ್ವಶಕ್ತಿ ಮಾತ್ರ. ಆದರೆ ತೂಕದ ಲೆಕ್ಕದಲ್ಲಿ ಟನ್ನಿಗೆ ಸುಮಾರು 190 ಅಶ್ವಶಕ್ತಿ ಆಗುತ್ತದೆ. ಕೇಟರ್‌ಹ್ಯಾಮ್‌ನ ಮುಖ್ಯ ತೊಡಕು ಬೆಲೆ. ಅದರಲ್ಲಿ ಒಂದು ಪಾಲು ಮರುಮಾರಾಟದಲ್ಲಿ ಹಿಂದಿರುಗುತ್ತದೆ.

ವೆಸ್ಟ್‌ಫೀಲ್ಡ್ ಸಂಸ್ಥೆ 1980ರ ದಶಕದ ಆರಂಭದಲ್ಲಿ ಹುಟ್ಟಿತು. ಇದರ ಮೊದಲ ಸೆವೆನ್ ಮಾದರಿಗಳು ಮೂಲವನ್ನು ತೀರ ಹೋಲುತ್ತಿದ್ದುದರಿಂದ ಕೇಟರ್‌ಹ್ಯಾಮ್ ಜೊತೆ ಕಾನೂನು ವಿವಾದ ಎದ್ದು, ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಬಳಿಕ ಬಂದ ವಿನ್ಯಾಸದಲ್ಲಿ ಫೈಬರ್‌ಗ್ಲಾಸ್ ಒಡಲು ಮತ್ತು ಸ್ವತಂತ್ರ ಹಿಂಬದಿ ಸಸ್ಪೆನ್ಷನ್ ಪ್ರಮುಖವಾದವು. ಸೋಲು ಬೇರೊಂದು ದಾರಿ ತೆರೆಯಿತೆನ್ನಬಹುದು. ಫೈಬರ್‌ಗ್ಲಾಸ್ ಒಡಲು ಅಗ್ಗ, ಸಣ್ಣ ಪೆಟ್ಟಿಗೆ ತಗಡಿನಂತೆ ತಗ್ಗು ಬೀಳುವುದಿಲ್ಲ. ಫೋರ್ಡ್ ಸಿಯೆರಾ, ಮಾಜ್ದಾ ಎಂಎಕ್ಸ್-5 ಮೊದಲಾದ ಹಳೆಯ ಕಾರುಗಳ ಎಂಜಿನ್, ಗೇರ್‌ಬಾಕ್ಸ್ ಮುಂತಾದವನ್ನು ಕಳಚಿ ವೆಸ್ಟ್‌ಫೀಲ್ಡ್‌ಗೆ ಬಳಸುವ ರೂಢಿ ಇದೆ. ಹೀಗೆ ಭಾಗಗಳನ್ನು ಒದಗಿಸುವ ಹಳೆಯ ಕಾರನ್ನು ‘ದಾನಿ ಕಾರು’ ಎನ್ನುತ್ತಾರೆ. 2022ರಲ್ಲಿ ವೆಸ್ಟ್‌ಫೀಲ್ಡ್ ಆರ್ಥಿಕ ಮುಗ್ಗಟ್ಟಿನಿಂದ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಕಿಟ್ ಉದ್ಯಮದಲ್ಲಿ ಇಂಥದು ಅಪರೂಪವಲ್ಲ. ಆದ್ದರಿಂದ ಕಾರಿನ ಗುಣದಷ್ಟೇ ಮುಂದೆ ಬಿಡಿಭಾಗ ಸಿಗುತ್ತದೆಯೇ ಎಂಬುದೂ ಮುಖ್ಯವಾಗುತ್ತದೆ.

ಲೋಕಾಸ್ಟ್ ಒಂದು ಕಂಪನಿಯ ಹೆಸರಲ್ಲ. ರಾನ್ ಚಾಂಪಿಯನ್ 1996ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಕೇವಲ 250 ಪೌಂಡ್ ವೆಚ್ಚದಲ್ಲಿ ಮನೆಯಲ್ಲೇ ಇಂತಹ ಕಾರು ಕಟ್ಟುವ ಬಗೆಯನ್ನು ವಿವರಿಸಿತು; ಆ ಪರಂಪರೆಯ ಕಾರುಗಳಿಗೆಲ್ಲ ಈ ಹೆಸರು ಬಂದಿದೆ. ಚೌಕಾಕಾರದ ಉಕ್ಕಿನ ಕೊಳವೆಗಳನ್ನು ಕತ್ತರಿಸಿ ಬೆಸೆಯುವುದರಿಂದ ಕೆಲಸ ಆರಂಭವಾಗುತ್ತದೆ. ದಾನಿ ಕಾರು ಹಳೆಯ ಫೋರ್ಡ್ ಎಸ್ಕಾರ್ಟ್. ಟೈರು, ಬ್ರೇಕು, ಪರೀಕ್ಷಾ ಶುಲ್ಕಗಳನ್ನು ಸೇರಿಸಿದರೆ ಆ 250 ಪೌಂಡ್ ಗುರಿಯಾಗಿಯೇ ಉಳಿಯುತ್ತದೆ. ಪುಸ್ತಕದ ಅಳತೆಗಳಲ್ಲಿದ್ದ ದೋಷಗಳನ್ನು ಮುಂದೆ ಹವ್ಯಾಸಿಗಳೇ ತಿದ್ದಿದರು.

ನೆದರ್ಲೆಂಡ್ಸ್‌ನ ಡಾಂಕರ್‌ವೋರ್ಟ್ 1978ರಲ್ಲಿ ಇದೇ ಮಾದರಿಯಿಂದ ಆರಂಭಿಸಿ, ಆಡಿ ಎಂಜಿನ್‌ಗಳ ದುಬಾರಿ ಕಾರುಗಳತ್ತ ಸಾಗಿತು. ಬರ್ಕಿನ್ ದಕ್ಷಿಣ ಆಫ್ರಿಕಾದ್ದು. ಭಾರತದಲ್ಲಿ ಮಹಾರಾಷ್ಟ್ರದ ಅಲಿಬಾಗ್ ಬಳಿಯ ಚಿಂಕಾರಾ ಮೋಟರ್ಸ್ ಇಸುಜು 1.8 ಲೀಟರ್ ಎಂಜಿನ್ ಬಳಸಿ ಇದೇ ರೂಪದ ರೋಡ್‌ಸ್ಟರ್ ಕಾರನ್ನು ತಯಾರಿಸಿತ್ತು.

ಹಿಂದಿನ ಅಚ್ಚಿನ ವಿಧಗಳು

ಎಸ್ಕಾರ್ಟ್ ಆಧಾರಿತ ಲೋಕಾಸ್ಟ್‌ಗಳಲ್ಲಿ ಎರಡೂ ಹಿಂದಿನ ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಜೋಡಿಸುತ್ತದೆ. ಡಿಫರೆನ್ಷಿಯಲ್‌ನ ಭಾರವೂ ಆ ಅಚ್ಚಿನ ಮೇಲೆಯೇ ಇರುವುದರಿಂದ ಚಕ್ರಗಳೊಂದಿಗೆ ಅದೂ ಏರಿಳಿಯುತ್ತದೆ. ಭಾರವಾದ ಕಾರಿನಲ್ಲಿ ಇದು ಅಷ್ಟಾಗಿ ಅರಿವಿಗೆ ಬಾರದು. ಇಡೀ ಕಾರು ಅರ್ಧ ಟನ್ ಇದ್ದಾಗ ಮಾತ್ರ ಅಚ್ಚಿನ ಕುಪ್ಪಳಿಕೆ ಒಡಲನ್ನೇ ಎತ್ತಿ ಹಾಕುತ್ತದೆ. ಉಬ್ಬುತಗ್ಗಿನ ತಿರುವಿನಲ್ಲಿ ಹಿಂಬದಿ ಪಕ್ಕಕ್ಕೆ ಜರುಗಬಹುದು. ಡಿ ಡಿಯಾನ್ ವ್ಯವಸ್ಥೆಯಲ್ಲಿ ಡಿಫರೆನ್ಷಿಯಲ್ ಚೌಕಟ್ಟಿಗೆ ಬಿಗಿಯಲ್ಪಟ್ಟು, ಹಗುರವಾದ ಕೊಳವೆಯೊಂದು ಎರಡು ಚಕ್ರಗಳನ್ನು ಸಮಾಂತರವಾಗಿ ಹಿಡಿದಿಡುತ್ತದೆ. ಕೇಟರ್‌ಹ್ಯಾಮ್ 1980ರ ದಶಕದಲ್ಲಿ ಇದನ್ನು ಅಳವಡಿಸಿಕೊಂಡಿತು. ಸ್ವತಂತ್ರ ಸಸ್ಪೆನ್ಷನ್‌ನಲ್ಲಿ ಪ್ರತಿ ಚಕ್ರವೂ ಬೇರೆಬೇರೆಯಾಗಿ ಚಲಿಸುವುದರಿಂದ ಕೆಟ್ಟ ರಸ್ತೆಯಲ್ಲಿ ಇದು ಮೇಲು. ಆದರೆ ಚಕ್ರಗಳ ಕೋನಗಳನ್ನು ಸರಿಯಾಗಿ ಹೊಂದಿಸದಿದ್ದರೆ ಇದರ ಪ್ರಯೋಜನ ಉಳಿಯುವುದಿಲ್ಲ.

ಕೆಲವರು ಸುಜುಕಿ ಹಯಾಬುಸಾದಂತಹ ಬೈಕಿನ ಎಂಜಿನ್ ಕೂರಿಸುತ್ತಾರೆ. ತೂಕ ಇನ್ನಷ್ಟು ಇಳಿಯುತ್ತದೆ, ವೇಗದ ಸ್ಪರ್ಧೆಗಳಿಗೆ ಒಪ್ಪುತ್ತದೆ. ಆದರೆ ಬೈಕಿನ ಗೇರ್‌ಬಾಕ್ಸ್‌ನಲ್ಲಿ ಹಿಂದಕ್ಕೆ ಚಲಿಸುವ ಗೇರ್ ಇಲ್ಲದ ಕಾರಣ ಅದಕ್ಕೆ ಪ್ರತ್ಯೇಕ ವ್ಯವಸ್ಥೆ ಬೇಕು. ಸಣ್ಣ ಕ್ಲಚ್ ಪೇಟೆಯ ಸಂಚಾರದಲ್ಲಿ ಬೇಗ ಸವೆಯುತ್ತದೆ.

ನೋಂದಣಿ ಮತ್ತು ಸುರಕ್ಷತೆ

ಬ್ರಿಟನ್ನಿನಲ್ಲಿ ಕಿಟ್ ಕಾರು ರಸ್ತೆಗಿಳಿಯಲು ಐವಿಎ ಎಂಬ ಏಕವಾಹನ ಅನುಮೋದನೆ ಪಡೆಯಬೇಕು. 1998ರಲ್ಲಿ ಬಂದ ಎಸ್‌ವಿಎ ಪರೀಕ್ಷೆಯ ಜಾಗದಲ್ಲಿ 2009ರಿಂದ ಇದು ಜಾರಿಯಲ್ಲಿದೆ. ಬ್ರೇಕ್, ಸ್ಟಿಯರಿಂಗ್, ದೀಪಗಳು, ಹೊಗೆಯ ಪ್ರಮಾಣ, ಮೈಗೆ ತಾಗಬಹುದಾದ ಚೂಪು ಅಂಚುಗಳು ಎಲ್ಲವನ್ನೂ ಪರಿಶೀಲಿಸಲಾಗುತ್ತದೆ. ಬಿಡಿಭಾಗಗಳ ವಯಸ್ಸು ಖಚಿತವಾಗದ ಕಾರಿಗೆ ‘ಕ್ಯೂ’ ಅಕ್ಷರದ ನೋಂದಣಿ ಸಂಖ್ಯೆ ಸಿಗುತ್ತದೆ. ಇದರಿಂದ ಮರುಮಾರಾಟದ ಬೆಲೆ ತಗ್ಗುವುದುಂಟು. ದಾನಿ ಕಾರಿನ ದಾಖಲೆಗಳನ್ನು ಕಾಪಾಡಿಕೊಳ್ಳುವುದು ಆದ್ದರಿಂದಲೇ ಅಗತ್ಯ.

ಈ ಬಗೆಯ ಬಹುತೇಕ ಕಾರುಗಳಲ್ಲಿ ಗಾಳಿಚೀಲಗಳಿರುವುದಿಲ್ಲ. ಅಪಘಾತದಲ್ಲಿ ಸವಾರರನ್ನು ಕಾಯುವುದು ಚೌಕಟ್ಟು, ಆಸನಪಟ್ಟಿ ಮತ್ತು ತಲೆಯ ಹಿಂದಿನ ಉಕ್ಕಿನ ಕಮಾನು. ಮನೆಯಲ್ಲಿ ಬೆಸೆದ ಚೌಕಟ್ಟಿನಲ್ಲಿ ಸಸ್ಪೆನ್ಷನ್ ಹಿಡಿಕೆಗಳ ಬೆಸುಗೆಯೇ ಅತಿ ಸೂಕ್ಷ್ಮ ಸ್ಥಳ. ಹೊರಗೆ ನಯವಾಗಿ ಕಾಣುವ ಬೆಸುಗೆ ಲೋಹದ ಆಳಕ್ಕೆ ಇಳಿದಿದೆಯೇ ಎಂಬುದನ್ನು ಬರಿಗಣ್ಣಿನ ಪರಿಶೀಲನೆ ಪೂರ್ತಿಯಾಗಿ ತಿಳಿಸಲಾರದು. ಅದಕ್ಕಾಗಿ ಅನೇಕ ಹವ್ಯಾಸಿಗಳು ಚೌಕಟ್ಟನ್ನು ಮಾತ್ರ ನುರಿತ ತಯಾರಕರಿಂದ ಕೊಂಡು ಉಳಿದ ಕೆಲಸವನ್ನು ತಾವೇ ಮಾಡುತ್ತಾರೆ. ಅರ್ಧಕ್ಕೆ ನಿಂತ ಕಿಟ್‌ಗಳು ಅಗ್ಗವಾಗಿ ಮಾರಾಟಕ್ಕೆ ಬರುವುದೂ ಸಾಮಾನ್ಯ. ಅವುಗಳನ್ನು ಕೊಳ್ಳುವಾಗ ಹಿಂದಿನವರು ಮಾಡಿದ ಬೆಸುಗೆ, ವಿದ್ಯುತ್ ತಂತಿ ಮತ್ತು ಬ್ರೇಕ್ ಕೊಳವೆಗಳ ಕೆಲಸವನ್ನು ಬಿಚ್ಚಿ ನೋಡಬೇಕಾಗುತ್ತದೆ.