ಕೂಡದ ಪದರಗಳು

ಕೋಲಾರ ಸೀಮೆಯ ಕೆರೆಗಳನ್ನು ತೋರಿಸುವ ಹಳೆಯ ಟೋಪೋಶೀಟೊಂದನ್ನು ಸ್ಕ್ಯಾನ್ ಮಾಡಿ, ಅದರ ಅಂಚಿನಲ್ಲಿ ಮುದ್ರಿತವಾಗಿರುವ ಅಕ್ಷಾಂಶ ರೇಖಾಂಶಗಳನ್ನೇ ನೆಚ್ಚಿಕೊಂಡು, ಇಂದಿನ ಅಂತರ್ಜಾಲ ನಕಾಶೆಯ ಉಪಗ್ರಹಚಿತ್ರದ ಮೇಲೆ ಹಾಸಿ ನೋಡಿದರೆ, ಎರಡರಲ್ಲಿಯೂ ಇರುವುದು ಅದೇ ಕೆರೆಯಾದರೂ, ಹಾಳೆಯ ಏರಿಯು ಚಿತ್ರದ ಏರಿಯಿಂದ ನೂರು ಮೀಟರಿಗೂ ಮಿಗಿಲಾಗಿ ಸರಿದು ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಇದು ಹಿಂದಿನ ಸರ್ವೆಯವರ ಅಜಾಗರೂಕತೆಯೆಂದು ತೀರ್ಮಾನಿಸಿಬಿಡುವವರುಂಟು. ಆ ತೀರ್ಮಾನ ಅನ್ಯಾಯವಾದುದು. 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು ವಿಲಿಯಂ ಲ್ಯಾಂಬ್ಟನ್ ಆರಂಭಿಸಿದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣದ ಪರಂಪರೆಯಲ್ಲಿ ಸಿದ್ಧವಾದ ಆ ಹಾಳೆ, ಜಾರ್ಜ್ ಎವರೆಸ್ಟ್ 1830ರಲ್ಲಿ ನಿರ್ಣಯಿಸಿದ ಭೂಮಿಯ ಆಕಾರವನ್ನು ಅಂಗೀಕರಿಸಿ, ಮಧ್ಯಭಾರತದ ಕಲ್ಯಾಣ್‌ಪುರವನ್ನು ಮೂಲಬಿಂದುವಾಗಿಟ್ಟುಕೊಂಡು ಗಣಿತವಾದುದು. ಉಪಗ್ರಹಚಿತ್ರವಾದರೋ ಭೂಮಿಯ ದ್ರವ್ಯರಾಶಿಯ ಕೇಂದ್ರವನ್ನೇ ಮೂಲವಾಗಿ ಉಳ್ಳ ಡಬ್ಲ್ಯುಜಿಎಸ್ 84 ಎಂಬ ವ್ಯವಸ್ಥೆಯನ್ನು ಅನುಸರಿಸುತ್ತದೆ. ತಂತಮ್ಮ ಮೂಲದಿಂದ ಅಳೆದಾಗ ಎರಡೂ ನಿರ್ದುಷ್ಟವೇ.

ಇದು, ಭೂಮಿಯ ಆಕಾರವನ್ನೂ ಮೂಲಬಿಂದುವನ್ನೂ ಗೊತ್ತುಪಡಿಸುವ ಡೇಟಮ್ ಎಂಬುದರ ಭೇದ. ಇದರ ಮೇಲೆ, ಗುಂಡಾದ ಭೂಮಿಯನ್ನು ಸಮತಲಕ್ಕೆ ಇಳಿಸತಕ್ಕ ಪ್ರಕ್ಷೇಪದ ಭೇದವೂ ಸೇರಿಕೊಳ್ಳುತ್ತದೆ. 1569ರಲ್ಲಿ ಮರ್ಕೇಟರ್ ನಾವಿಕರಿಗಾಗಿ ರಚಿಸಿದ ಪ್ರಕ್ಷೇಪವನ್ನೇ, ಭೂಮಿಯನ್ನು ಪರಿಪೂರ್ಣ ಗೋಳವೆಂದು ಭಾವಿಸಿ ಸರಳಗೊಳಿಸಿ, 2005ರಲ್ಲಿ ಹೊರಬಂದ ಗೂಗಲ್ ಮ್ಯಾಪ್ಸ್ ಲೋಕಪ್ರಸಿದ್ಧಗೊಳಿಸಿತು. ಇಪಿಎಸ್‌ಜಿ 3857 ಎಂಬ ಸಂಖ್ಯೆಯಿಂದ ಇಂದು ಅದು ವ್ಯವಹೃತವಾಗುತ್ತದೆ. ಉತ್ತರ ದಕ್ಷಿಣಗಳೆರಡರಲ್ಲಿಯೂ 85.05 ಅಂಶಗಳಿಗೆ ಭೂಮಿಯನ್ನು ಕತ್ತರಿಸಿದರೆ ಜಗತ್ತು ಒಂದು ಚೌಕವಾಗುತ್ತದೆ. ಆ ಚೌಕವನ್ನು ನಾಲ್ಕು ನಾಲ್ಕಾಗಿ ಒಡೆಯುತ್ತ 256 ಪಿಕ್ಸೆಲ್‌ಗಳ ತುಂಡುಗಳನ್ನು ಪರದೆಗೆ ಕಳಿಸುವುದು ಅತಿ ಸುಲಭ. ಈ ಸೌಲಭ್ಯಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಇದರ ಮೀಟರು ನೆಲದ ಮೀಟರಲ್ಲ. ಬೆಂಗಳೂರಿನ ಅಕ್ಷಾಂಶದಲ್ಲಿ ದೂರವು ನೂರಕ್ಕೆ ಸುಮಾರು ಮೂರರಷ್ಟು ಹಿಗ್ಗುತ್ತದೆ, ಬೀದರಿನ ಹತ್ತು ಎಕರೆಯ ಹೊಲ ಹನ್ನೊಂದು ಎಕರೆಯಾಗುತ್ತದೆ. ನೋಡುವುದಕ್ಕೆ ಈ ಪ್ರಕ್ಷೇಪವಿರಲಿ. ಅಳೆಯುವುದಕ್ಕೆ ಇದನ್ನು ಬಳಸಕೂಡದೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಳತೆಗೆ ತಕ್ಕುದು ಯುಟಿಎಂ ಎಂಬ ಪ್ರಕ್ಷೇಪ. 2005ರ ರಾಷ್ಟ್ರೀಯ ನಕಾಶೆ ನೀತಿಯನ್ನನುಸರಿಸಿ ಸರ್ವೆ ಆಫ್ ಇಂಡಿಯಾ ಸಾರ್ವಜನಿಕರಿಗೆ ಕೊಡತೊಡಗಿದ ಹಾಳೆಗಳೂ ಇದರಲ್ಲಿಯೇ ಇವೆ. ಆದರೆ ಯುಟಿಎಂ ಭೂಮಿಯನ್ನು ಆರು ಆರು ಅಂಶಗಳ ವಲಯಗಳಾಗಿ ಸೀಳುತ್ತದೆ. 43ನೆಯ ಮತ್ತು 44ನೆಯ ವಲಯಗಳನ್ನು ಬೇರ್ಪಡಿಸುವ 78ನೆಯ ರೇಖಾಂಶವು ಬೆಂಗಳೂರಿಗೂ ಕೋಲಾರಕ್ಕೂ ನಡುವೆಯೇ ಹಾದುಹೋಗುತ್ತದೆ. ಆ ರೇಖೆಯ ಮೇಲೆ ನೆಟ್ಟ ಒಂದೇ ಕಲ್ಲಿನ ಪೂರ್ವಾಂಕವು, ಎಂದರೆ ಪೂರ್ವದಿಕ್ಕಿನ ಅಳತೆಯು, ಒಂದು ವಲಯದ ಲೆಕ್ಕದಲ್ಲಿ ಸುಮಾರು 8,25,000 ಮೀಟರಾದರೆ ಇನ್ನೊಂದರಲ್ಲಿ ಸುಮಾರು 1,75,000. ವಲಯದ ಉಲ್ಲೇಖ ಕಳೆದುಹೋದ ಕಡತವೊಂದನ್ನು ಊಹೆಯಿಂದ 43ನೆಯದೆಂದು ಓದಿದಿರಾದರೆ ಕೋಲಾರದ ಕೆರೆಗಳೆಲ್ಲ ಅರಬ್ಬೀ ಸಮುದ್ರದಲ್ಲಿ ಮುಳುಗುವುವು.

ಹೀಗೆ ಸ್ಥಾನ ತಪ್ಪಿದ ಪದರವು ಎಲ್ಲಿಗೆ ಹೋಗಿ ಬಿದ್ದಿದೆಯೆಂಬುದನ್ನು ಸಮಾಧಾನದಿಂದ ಗಮನಿಸಿದರೆ ಕಾರಣವು ಬಹುಮಟ್ಟಿಗೆ ತಾನೇ ಹೊರಬೀಳುತ್ತದೆ. ಇಡೀ ಕರ್ನಾಟಕವೇ ಆಫ್ರಿಕದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯಲ್ಲಿ, ಸಮಭಾಜಕವೃತ್ತವೂ ಗ್ರೀನಿಚ್ ರೇಖೆಯೂ ಸಂಧಿಸುವಲ್ಲಿ ಒಂದು ಚುಕ್ಕೆಯಾಗಿ ಕುಗ್ಗಿದ್ದರೆ, ಅಂಶಗಳಲ್ಲಿದ್ದ ಸಂಖ್ಯೆಗಳನ್ನು ಮೀಟರುಗಳೆಂದು ಓದಲಾಗಿದೆ: ಬೆಂಗಳೂರಿನ 77.59 ಅಂಶ ರೇಖಾಂಶವು 77.59 ಮೀಟರಾಗಿಹೋಗಿದೆ. ಬೆಂಗಳೂರು ಸ್ವಾಲ್ಬಾರ್ಡ್ ದ್ವೀಪಗಳ ಬಳಿಯ ಹಿಮಸಾಗರದಲ್ಲಿ ಕಂಡರೆ, ಅಕ್ಷಾಂಶ ರೇಖಾಂಶಗಳ ಕ್ರಮ ತಲೆಕೆಳಗಾಗಿದೆ. ಜಿಯೋಜೇಸನ್ ಎಂಬ ಕಡತಮಾದರಿಯ 2016ರ ನಿಯಮ ರೇಖಾಂಶವನ್ನು ಮೊದಲು ಬರೆಯಬೇಕೆಂದರೆ, ಇಪಿಎಸ್‌ಜಿ 4326ರ, ಎಂದರೆ ಡಬ್ಲ್ಯುಜಿಎಸ್ 84ರ ಅಕ್ಷಾಂಶ ರೇಖಾಂಶಗಳಿಗಿರುವ ಸಂಖ್ಯೆಯ, ಅಧಿಕೃತ ವ್ಯಾಖ್ಯೆ ಅಕ್ಷಾಂಶವನ್ನು ಮುಂದಿಡುತ್ತದೆ. ಪೂರ್ವಪಶ್ಚಿಮವಾಗಿ ಸರಿಯಾಗಿ ಕೂಡಿಯೂ ದಕ್ಷಿಣೋತ್ತರವಾಗಿ ಹಲವು ಕಿಲೋಮೀಟರು ಸರಿದಿದ್ದರೆ, ಒಂದು ಮರ್ಕೇಟರ್ ಭೂಮಿಯನ್ನು ಗೋಳವೆಂದೂ ಇನ್ನೊಂದು ಚಪ್ಪಟೆಗೊಂಡ ಗೋಳವೆಂದೂ ಎಣಿಸಿದೆ. ರಷ್ಯದ ಯಾಂಡೆಕ್ಸ್ ಬಹುಕಾಲ ಬಳಸಿದ ಎರಡನೆಯ ಬಗೆಯನ್ನು ಮೊದಲನೆಯದರ ಮೇಲೆ ಹಾಸಿದರೆ ಮಾಸ್ಕೋದಲ್ಲಿ ಸುಮಾರು 20, ಬೆಂಗಳೂರಿನಲ್ಲಿ ಸುಮಾರು 9 ಕಿಲೋಮೀಟರಿನ ಅಂತರ ಬರುತ್ತದೆ. ನೂರಿನ್ನೂರು ಮೀಟರಿನ ಪಲ್ಲಟವಾದರೆ ಮೊದಲು ಶಂಕಿಸತಕ್ಕದ್ದು ಡೇಟಮನ್ನು.

ಕಾರಣ ತಿಳಿದ ಮೇಲೆ ಮಾಡತಕ್ಕ ಕಾರ್ಯಗಳು ಎರಡು, ಮತ್ತು ಇವೆರಡನ್ನೂ ಒಂದೆಂದು ಭ್ರಮಿಸುವುದರಿಂದಲೇ ಅನರ್ಥದ ಬಹುಪಾಲು ಸಂಭವಿಸುತ್ತದೆ. ಒಂದೂರಿನ ಸೇರಿನಲ್ಲಿ ಅಳೆದ ರಾಗಿಯನ್ನು, ಇದು ಇಂಥ ಊರಿನ ಸೇರೆಂದು ಚೀಟಿ ಬರೆದಿಡುವುದು ಒಂದು. ಇನ್ನೊಂದೂರಿನ ಸೇರಿನಿಂದ ಮರಳಿ ಅಳೆಯುವುದು ಮತ್ತೊಂದು. ಪೋಸ್ಟ್‌ಜಿಐಎಸ್ ಎಂಬ ತಂತ್ರಾಂಶದಲ್ಲಿ ಎಸ್‌ಟಿ_ಸೆಟ್‌ಎಸ್‌ಆರ್‌ಐಡಿ ಬರಿಯ ಚೀಟಿ, ಅದರಿಂದ ಸಂಖ್ಯೆಗಳು ಕದಲವು. ಎಸ್‌ಟಿ_ಟ್ರಾನ್ಸ್‌ಫಾರ್ಮ್ ನಿಜವಾದ ಪರಿವರ್ತನೆ. ಶೇಪ್‌ಫೈಲಿನೊಡನೆ ಬರುವ, ಈ ಚೀಟಿಯನ್ನೇ ಹೊತ್ತ ಪಿಆರ್‌ಜೆ ಕಡತ ಕಾಣೆಯಾದಾಗ ಮೊದಲು ಮೂಲವನ್ನು ವಿಚಾರಿಸಿ ಚೀಟಿಯನ್ನು ಸರಿಪಡಿಸಬೇಕು, ಬಳಿಕ ಪರಿವರ್ತಿಸಬೇಕು. ಇದನ್ನು ಬಿಟ್ಟು, ಪದರವನ್ನು ಕೈಯಿಂದ ಎಳೆದು ಕಣ್ಣಂದಾಜಿನಲ್ಲಿ ಕೂಡಿಸುವ ಅಭ್ಯಾಸ ನಮ್ಮಲ್ಲಿ ಬೆಳೆದಿರುವುದು ನನಗೆ ಅತ್ಯಂತ ಖೇದವನ್ನುಂಟುಮಾಡುತ್ತದೆ. ಏಕೆಂದರೆ ಪಲ್ಲಟದ ಪ್ರಮಾಣ ಎಲ್ಲೆಡೆಯೂ ಒಂದೇ ಅಲ್ಲವಾದುದರಿಂದ, ಮುಳಬಾಗಿಲಿಗೆ ಕೂಡಿದ ಹಾಳೆ ಕಾರವಾರಕ್ಕೆ ಕೂಡದು, ಮತ್ತು ಹಾಗೆ ಎಳೆದ ಕಡತವು ಮುಂದೆ ಯಾರ ಕೈ ಸೇರಿದರೂ ಅದರ ಮೂಲಸ್ಥಾನವನ್ನು ಪತ್ತೆಹಚ್ಚುವ ದಾರಿಯೇ ಮುಚ್ಚಿಹೋಗಿರುತ್ತದೆ. ಕೆರೆಯ ಗಡಿಯ ವ್ಯಾಜ್ಯದಲ್ಲಿ ಇಂಥ ಹಾಳೆ ಸಾಕ್ಷ್ಯವಾಗಿ ನಿಂತರೆ ಅದರ ಪರಿಣಾಮವನ್ನು ಅನುಭವಿಸತಕ್ಕವರು ನೆಲದ ಮೇಲಿನ ಜನ.

ಪರಿವರ್ತನೆಯ ವಿಷಯದಲ್ಲಿಯೂ ಒಂದು ಎಚ್ಚರ ಅವಶ್ಯ. ಗೆರೆ ಬಿಂದುಗಳ ಪದರ ಸುಖವಾಗಿ ಮಾರ್ಪಡುತ್ತದೆ. ಪಿಕ್ಸೆಲ್‌ಗಳ ಚಿತ್ರಕ್ಕೆ ಪ್ರತಿಸಾರಿಯೂ ಹೊಸ ಚೌಕಗಳಿಗೆ ಹೊಸ ಮೌಲ್ಯಗಳನ್ನು ಆರಿಸಬೇಕಾಗುತ್ತದೆ. ಎತ್ತರವನ್ನು ತೋರುವ ಚಿತ್ರವಾದರೆ ನೆರೆಯ ಮೌಲ್ಯಗಳ ಸರಾಸರಿ ಸಲ್ಲುತ್ತದೆ. ಆದರೆ 2 ಎಂದರೆ ಅರಣ್ಯ, 3 ಎಂದರೆ ಹೊಲ, 4 ಎಂದರೆ ನೀರು ಎಂದು ಸಂಕೇತಿಸಿದ ಭೂಬಳಕೆಯ ಚಿತ್ರದಲ್ಲಿ ಸರಾಸರಿ ಹಿಡಿದರೆ, ಕಾಡು ಕೆರೆಗೆ ತಾಗುವ ಅಂಚಿನುದ್ದಕ್ಕೂ ಯಾರೂ ಉಳದ ಹೊಲಗಳು ಹುಟ್ಟಿಕೊಳ್ಳುತ್ತವೆ. ಅಲ್ಲಿ ಅತಿ ಸಮೀಪದ ಪಿಕ್ಸೆಲ್‌ನ ಮೌಲ್ಯವನ್ನೇ ಇದ್ದಂತೆ ಎತ್ತಿಕೊಳ್ಳತಕ್ಕದ್ದು.